ಬಿಲ್ಲುಬೇಟೆಯಲ್ಲಿ ದೂರದ ಅಂದಾಜು ಮತ್ತು ಸೈಟ್‌ಗೆ ಕೂಡಿಸಿದ ರೇಂಜ್‌ಫೈಂಡರ್

ಬಾಣ ಬಿಡುವ ಮುನ್ನ ಪ್ರಾಣಿ ಎಷ್ಟು ದೂರದಲ್ಲಿದೆ ಎಂಬುದನ್ನು ಬಿಲ್ಲಿಗೆ ಬಿಗಿದ ಗುರಿಸಾಧನವಾದ ಸೈಟ್‌ನಲ್ಲೇ ತಿಳಿಸುವ ದೂರಮಾಪಕ ಸಾಧನಗಳು (ರೇಂಜ್‌ಫೈಂಡರ್) ಮುಖ್ಯವಾಗಿ ಅಮೆರಿಕ ಸಂಯುಕ್ತ ಸಂಸ್ಥಾನದ ಬಿಲ್ಲುಬೇಟೆಯೊಂದಿಗೆ ಬೆಳೆದು ಬಂದವು. ಇವುಗಳಲ್ಲಿ ಎರಡು ಬಗೆ. ಪ್ರಾಣಿಯ ಮೈಯನ್ನು ಎರಡು ಗೆರೆಗಳ ನಡುವೆ ಹಿಡಿದು ದೂರವನ್ನು ಊಹಿಸುವುದು ಹಳೆಯ ಬಗೆ. ಲೇಸರ್ ಮಿಡಿತ ಕಳಿಸಿ, ಅದು ಮರಳುವ ಹೊತ್ತನ್ನು ಅಳೆದು, ಆ ದೂರಕ್ಕೆ ಸರಿಹೊಂದುವ ಜಾಗದಲ್ಲಿ ಬೆಳಕಿನ ಚುಕ್ಕೆಯನ್ನು ತಾನೇ ಮೂಡಿಸುವುದು ಹೊಸ ಬಗೆ. ಬಂದೂಕಿನವನಿಗೆ ನೂರು ಗಜದೊಳಗೆ ದೂರದ ಪ್ರಶ್ನೆ ಹೆಚ್ಚುಕಡಿಮೆ ಏಳುವುದೇ ಇಲ್ಲ. ಬಿಲ್ಲಿನವನಿಗೆ ಮೂವತ್ತು ಗಜ ದಾಟಿತೆಂದರೆ ಅದೇ ಮೊದಲ ಪ್ರಶ್ನೆ. ಅಲ್ಲಿನ ಬಿಲ್ಲುಗಾರರು ಗಜದಲ್ಲೇ ಲೆಕ್ಕ ಹಾಕುವುದರಿಂದ ಇಲ್ಲಿಯೂ ಅದೇ ಅಳತೆಯನ್ನು ಇಟ್ಟುಕೊಂಡಿದೆ. ಒಂದು ಗಜವೆಂದರೆ ಸುಮಾರು 0.91 ಮೀಟರ್.

ಬಾಣದ ಇಳಿತ

ಬಾಣ ನಿಧಾನದ ವಸ್ತು. ಇಂದಿನ ಬೇಟೆಯ ಕಾಂಪೌಂಡ್ ಬಿಲ್ಲುಗಳಿಂದ ಹೊರಡುವ ಬಾಣ ಸೆಕೆಂಡಿಗೆ ಸಾಮಾನ್ಯವಾಗಿ 260ರಿಂದ 310 ಅಡಿ ಹೋಗುತ್ತದೆ. ಸೆಕೆಂಡಿಗೆ 280 ಅಡಿ, ಅಂದರೆ ಸುಮಾರು 85 ಮೀಟರ್, ವೇಗದ ಬಾಣವನ್ನು ತೆಗೆದುಕೊಂಡು ಗಾಳಿಯ ತಡೆಯನ್ನು ಬದಿಗಿಟ್ಟು ಲೆಕ್ಕ ಹಾಕಿದರೆ, 20 ಗಜ ಮುಟ್ಟಲು ಅದಕ್ಕೆ 0.21 ಸೆಕೆಂಡು ಬೇಕು. ಅಷ್ಟರಲ್ಲಿ ಭೂಮಿ ಅದನ್ನು 22 ಸೆಂ.ಮೀ. ಕೆಳಗೆ ಎಳೆದಿರುತ್ತದೆ. 30 ಗಜಕ್ಕೆ ಈ ಇಳಿತ 50 ಸೆಂ.ಮೀ., 40ಕ್ಕೆ 90 ಸೆಂ.ಮೀ., 50ಕ್ಕೆ 1.4 ಮೀಟರ್. ದೂರ ಎರಡರಷ್ಟಾದರೆ ಇಳಿತ ನಾಲ್ಕರಷ್ಟಾಗುತ್ತದೆ. ಸಾಧಾರಣ ಬೇಟೆ ರೈಫಲ್ಲಿನ ಗುಂಡು ನೂರು ಮೀಟರ್ ಹೋಗುವಾಗ ಇಳಿಯುವುದು ಆರೇಳು ಸೆಂ.ಮೀ. ಎಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು.

ಇಳಿತ ಎಷ್ಟೇ ಇರಲಿ, ದೂರ ಗೊತ್ತಿದ್ದರೆ ತೊಂದರೆಯಿಲ್ಲ; ಸೈಟ್‌ನ ಪಿನ್ನನ್ನು, ಅಂದರೆ ಗುರಿಯಿಡುವ ಕಡ್ಡಿಯನ್ನು, ಅದಕ್ಕೆ ತಕ್ಕಂತೆ ಕೆಳಗಿಟ್ಟು ಬಿಲ್ಲನ್ನು ಮೇಲೆತ್ತಿದರಾಯಿತು. ತೊಂದರೆ ಇರುವುದು ದೂರ ತಪ್ಪಾದಾಗ. 20 ಗಜವೆಂದು ತಿಳಿದು 25 ಗಜದ ಪ್ರಾಣಿಗೆ ಹೊಡೆದರೆ ಬಾಣ ಸುಮಾರು 7 ಸೆಂ.ಮೀ. ಕೆಳಗೆ ಬೀಳುತ್ತದೆ. ಅದೇ ಐದು ಗಜದ ತಪ್ಪು 40ರ ಬದಲು 45ರಲ್ಲಾದರೆ 12–13 ಸೆಂ.ಮೀ., 50ರ ಬದಲು 55ರಲ್ಲಾದರೆ 15 ಸೆಂ.ಮೀ. ಮೀರುತ್ತದೆ. ಅಮೆರಿಕದಲ್ಲಿ ಅತಿ ಹೆಚ್ಚು ಬೇಟೆಯಾಗುವ ಬಿಳಿಬಾಲದ ಜಿಂಕೆಯಲ್ಲಿ ಹೃದಯ ಮತ್ತು ಶ್ವಾಸಕೋಶ ಇರುವ ಜಾಗ ಹೆಚ್ಚೆಂದರೆ 20–25 ಸೆಂ.ಮೀ. ಅಡ್ಡಳತೆಯದು. ನಟ್ಟನಡುವೆ ಗುರಿಯಿಟ್ಟವನಿಗೂ ಮೇಲೆ ಕೆಳಗೆ ಸಿಗುವ ಸಲಿಗೆ 10–12 ಸೆಂ.ಮೀ. ಅಷ್ಟೆ. ನಲವತ್ತು ಗಜದಲ್ಲಿ ಐದು ಗಜದ ಅಂದಾಜು ತಪ್ಪಿದರೆ ಆ ಸಲಿಗೆ ಪೂರ್ತಿ ಖರ್ಚಾಗುತ್ತದೆ. ಕೈ ನಡುಗಲು, ಗಾಳಿ ಬೀಸಲು ಏನೂ ಉಳಿಯುವುದಿಲ್ಲ.

ಬಾಣ ಗುಂಡಿನಂತೆ ಆಘಾತದಿಂದ ಕೊಲ್ಲುವುದಿಲ್ಲ. ಅದರ ಅಲಗು ರಕ್ತನಾಳಗಳನ್ನು ಕತ್ತರಿಸಿ ರಕ್ತ ಹರಿಸಿ ಕೊಲ್ಲುತ್ತದೆ. ಹಾಗಾಗಿ ತಪ್ಪಿದ ಬಾಣವೆಂದರೆ ನೆಲಕ್ಕೆ ಬಿದ್ದ ಬಾಣ ಎಂದಷ್ಟೇ ಅರ್ಥವಲ್ಲ. ಎದೆಯ ಕೆಳಗಿನ ಮಾಂಸದಲ್ಲೋ ಮುಂಗಾಲಿನಲ್ಲೋ ಬಾಣ ನೆಟ್ಟ ಜಿಂಕೆ ಗಂಟೆಗಟ್ಟಲೆ ಓಡಿ ಯಾವುದೋ ಪೊದೆಯಲ್ಲಿ ಸಾಯಬಹುದು, ಗಾಯದೊಡನೆ ಬದುಕಲೂಬಹುದು. ದೂರದ ಲೆಕ್ಕಕ್ಕೆ ಬಿಲ್ಲುಗಾರರು ಕೊಡುವ ಮಹತ್ವದ ಹಿಂದೆ ಇರುವುದು ಈ ಗಾಯಾಳು ಪ್ರಾಣಿಯ ಭಯ.

ಇದರ ಇನ್ನೊಂದು ಮಗ್ಗುಲನ್ನೂ ಹೇಳಬೇಕು. 25 ಗಜಕ್ಕೆ ಹೊಂದಿಸಿದ ಒಂದೇ ಪಿನ್ ಇಟ್ಟುಕೊಂಡು 15ರಿಂದ 30 ಗಜದ ನಡುವೆ ಎಲ್ಲಿ ಹೊಡೆದರೂ ಬಾಣ ಗುರಿಯಿಂದ 8–9 ಸೆಂ.ಮೀ.ಗಿಂತ ಹೆಚ್ಚು ಮೇಲೆ ಕೆಳಗೆ ಹೋಗುವುದಿಲ್ಲ. ಮೂವತ್ತು ಗಜದೊಳಗೆ ಮಾತ್ರ ಹೊಡೆಯುತ್ತೇನೆ ಎಂದು ತೀರ್ಮಾನಿಸಿದವನಿಗೆ ಯಾವ ಸಾಧನದ ಹಂಗೂ ಇಲ್ಲ. ರೇಂಜ್‌ಫೈಂಡರ್‌ನ ಮಾರುಕಟ್ಟೆ ಇರುವುದು ಅದಕ್ಕಿಂತ ಆಚೆಯ ಇಪ್ಪತ್ತು ಮೂವತ್ತು ಗಜಗಳಲ್ಲಿ.

ಕಣ್ಣಂದಾಜಿನ ಕಾಲ

ಅಮೆರಿಕದ ಆಧುನಿಕ ಬಿಲ್ಲುಬೇಟೆ ತನ್ನ ಕಥೆಯನ್ನು ಇಷಿ ಎಂಬಾತನಿಂದ ಶುರುಮಾಡುತ್ತದೆ. ಯಾಹಿ ಜನಾಂಗದ ಕೊನೆಯವನಾಗಿ ಉಳಿದ ಈತ 1911ರಲ್ಲಿ ಕ್ಯಾಲಿಫೋರ್ನಿಯಾದ ಓರೋವಿಲ್ ಬಳಿ ಕಾಣಿಸಿಕೊಂಡ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಈತನಿಗೆ ಚಿಕಿತ್ಸೆ ಮಾಡಿದ ವೈದ್ಯ ಸ್ಯಾಕ್ಸ್‌ಟನ್ ಪೋಪ್ ಈತನಿಂದಲೇ ಬಿಲ್ವಿದ್ಯೆ ಕಲಿತು, ಗೆಳೆಯ ಆರ್ಥರ್ ಯಂಗ್ ಜೊತೆ ಬೇಟೆಯಾಡಿ, 1923ರಲ್ಲಿ 'ಹಂಟಿಂಗ್ ವಿತ್ ದ ಬೋ ಅಂಡ್ ಆ್ಯರೋ' ಎಂಬ ಪುಸ್ತಕ ಬರೆದ. ಇಷಿಯ ವಿದ್ಯೆಯಲ್ಲಿ ದೂರ ಅಳೆಯುವುದಕ್ಕಿಂತ ದೂರ ಕಡಿಮೆ ಮಾಡುವುದು ಮುಖ್ಯವಾಗಿತ್ತು. ಬೆರಳನ್ನು ತುಟಿಗೊತ್ತಿ ಮುತ್ತಿಡುವ ಸದ್ದು ಮಾಡಿ ಮೊಲವನ್ನು ಹತ್ತಿರಕ್ಕೆ ಕರೆಸಿಕೊಳ್ಳುತ್ತಿದ್ದವನಿಗೆ ಗಜದ ಲೆಕ್ಕ ಬೇಕಿರಲಿಲ್ಲ.

1934ರಲ್ಲಿ ವಿಸ್ಕಾನ್ಸಿನ್ ರಾಜ್ಯ ಬಿಲ್ಲಿಗೆಂದೇ ಪ್ರತ್ಯೇಕ ಜಿಂಕೆ ಬೇಟೆ ಋತುವನ್ನು ತೆರೆಯಿತು. ಉಳಿದ ರಾಜ್ಯಗಳು ಮುಂದೆ ಅದನ್ನು ಅನುಸರಿಸಿದವು. ಆ ಪೀಳಿಗೆಯ ಬಿಲ್ಲುಗಾರರಲ್ಲಿ ಬಹುಪಾಲು ಜನ ಸೈಟ್ ಇಲ್ಲದೆಯೇ ಹೊಡೆಯುತ್ತಿದ್ದರು. ಎರಡೂ ಕಣ್ಣು ಪ್ರಾಣಿಯ ಮೇಲೆ, ಕೈ ಅಭ್ಯಾಸದ ಮೇಲೆ. ಕಲ್ಲು ಎಸೆಯುವವನು ಎಷ್ಟು ಮೀಟರ್ ಎಂದು ಕೇಳದಿರುವಂತೆಯೇ ಇವರೂ. ಸೈಟ್ ಬಂದ ಮೇಲೆ ಮಾತ್ರ ದೂರ ಎಂಬುದು ಬಾಯಲ್ಲಿ ಹೇಳಬೇಕಾದ ಒಂದು ಅಂಕಿಯಾಯಿತು. ಹೊಲ್ಲೆಸ್ ವಿಲ್ಬರ್ ಅಲೆನ್ ಎಂಬ ಮಿಸೌರಿಯವನು 1966ರಲ್ಲಿ ಅರ್ಜಿ ಹಾಕಿ 1969ರಲ್ಲಿ ಪೇಟೆಂಟ್ ಪಡೆದ ಕಾಂಪೌಂಡ್ ಬಿಲ್ಲು ಇದಕ್ಕೆ ದಾರಿ ಮಾಡಿತು. ರಾಟೆಗಳಿರುವ ಈ ಬಿಲ್ಲಿನಲ್ಲಿ ಹೆದೆಯನ್ನು ಪೂರ್ತಿ ಸೆಳೆದ ಮೇಲೆ ಭಾರ ಇಳಿಯುತ್ತದೆ. 70 ಪೌಂಡಿನ ಬಿಲ್ಲಿನಲ್ಲಿ ಲೆಟ್-ಆಫ್ ಎಂಬ ಈ ಇಳಿಕೆ ನೂರಕ್ಕೆ 80 ಇದ್ದರೆ ಬೆರಳಿಗೆ ಉಳಿಯುವುದು 14 ಪೌಂಡು, ಆರೂವರೆ ಕಿಲೋಕ್ಕಿಂತ ಕಡಿಮೆ. ಹೀಗೆ ಸೆಳೆದು ಹಿಡಿದು ನಿಲ್ಲಲು ಸಾಧ್ಯವಾದ್ದರಿಂದಲೇ ಸಾವಧಾನವಾಗಿ ಪಿನ್ ಹುಡುಕಿ ಗುರಿಯಿಡುವ ಪದ್ಧತಿ ಬೇರೂರಿತು. ಹೆದೆಯೊಳಗೆ ಪೀಪ್ ಎಂಬ ಪುಟ್ಟ ಕಿಂಡಿ, ಬಿಲ್ಲಿನ ಹಿಡಿಯ ಮೇಲೆ ಒಂದರ ಕೆಳಗೊಂದು 20, 30, 40, 50 ಗಜದ ಪಿನ್ನುಗಳು. ಯಾವ ಪಿನ್ ಎಂದು ಹೇಳುವವರು ಯಾರು ಎಂಬುದಷ್ಟೇ ಉಳಿದ ಪ್ರಶ್ನೆ.

ಕಣ್ಣು ಆ ಕೆಲಸಕ್ಕೆ ಅಷ್ಟೇನೂ ನಂಬಿಕಸ್ಥವಲ್ಲ. ಬಯಲಿನಲ್ಲಿ, ಒಳ್ಳೆಯ ಬಿಸಿಲಲ್ಲಿ, ಕಣಿವೆಯಾಚೆ ನಿಂತ ಪ್ರಾಣಿ ಇರುವುದಕ್ಕಿಂತ ಹತ್ತಿರ ಕಾಣುತ್ತದೆ. ಮರಗಳ ನಡುವಿನ ಕತ್ತಲ ಓಣಿಯಲ್ಲಿ, ಮುಸ್ಸಂಜೆಯಲ್ಲಿ, ಅದೇ ಪ್ರಾಣಿ ದೂರ ಕಾಣುತ್ತದೆ. ಬೇಟೆಯ ಹೊತ್ತು ಬಹುಮಟ್ಟಿಗೆ ನಸುಕು ಅಥವಾ ಮುಸ್ಸಂಜೆ. ಇದಕ್ಕೆ ಬಿಲ್ಲುಗಾರರು ಕಂಡುಕೊಂಡ ಉಪಾಯಗಳು ಹಲವು. ನೆಲವನ್ನು ಹತ್ತತ್ತು ಗಜದ ತುಂಡುಗಳಾಗಿ ಮನಸ್ಸಿನಲ್ಲಿ ಕತ್ತರಿಸುವುದು, ಅರ್ಧ ದಾರಿಯ ಒಂದು ಗುರುತು ಹಿಡಿದು ಅದರ ದೂರವನ್ನು ಎರಡರಿಂದ ಗುಣಿಸುವುದು, ಅಟ್ಟಣೆ ಏರುವ ಮುನ್ನವೇ ಸುತ್ತಲಿನ ಮರ, ಬಂಡೆಗಳಿಗೆ ಹೆಜ್ಜೆ ಹಾಕಿ ಅಳೆದಿಡುವುದು. ಕೊನೆಯದು ಇವತ್ತಿಗೂ ಎಲ್ಲಕ್ಕಿಂತ ಗಟ್ಟಿಯಾದ ಉಪಾಯ. ಇಪ್ಪತ್ತು ಗಜದಲ್ಲಿ ಒಂದು ಓಕ್, ಮೂವತ್ತರಲ್ಲಿ ಬಿದ್ದ ದಿಮ್ಮಿ ಎಂದು ಗೊತ್ತಿದ್ದರೆ ಜಿಂಕೆ ಬಂದಾಗ ಮಾಡುವ ಕೆಲಸ ಅದು ಎರಡರ ಯಾವ ಕಡೆ ನಿಂತಿದೆ ಎಂದು ನೋಡುವುದಷ್ಟೆ.

ಎರಡು ಗೆರೆಗಳ ನಡುವಿನ ಜಿಂಕೆ

ಸೈಟ್‌ಗೇ ದೂರಮಾಪಕ ಕೂಡಿಸುವ ಮೊದಲ ಪ್ರಯತ್ನಗಳಿಗೆ ಬ್ಯಾಟರಿ ಬೇಕಿರಲಿಲ್ಲ. ಗೊತ್ತಿರುವ ಎತ್ತರದ ವಸ್ತು ದೂರ ಹೋದಷ್ಟೂ ಚಿಕ್ಕದಾಗಿ ಕಾಣುತ್ತದೆ ಎಂಬ ತತ್ವವೇ ಸಾಕಿತ್ತು. ಜಿಂಕೆಯ ಬೆನ್ನಿನಿಂದ ಎದೆಯ ತಳದವರೆಗೆ ಸುಮಾರು 40 ಸೆಂ.ಮೀ. ಎಂದಿಟ್ಟುಕೊಂಡು, ಸೈಟ್‌ನಲ್ಲಿ ಮೇಲೊಂದು ಕೆಳಗೊಂದು ತಂತಿ ಅಥವಾ ಪಿನ್ ಇಟ್ಟು, ಮೈ ಆ ಸಂದಿನಲ್ಲಿ ಸರಿಯಾಗಿ ಕೂತಾಗ ಇಷ್ಟು ಗಜ ಎಂದು ಗುರುತು ಮಾಡಲಾಯಿತು. ಕೆಲವು ಮಾದರಿಗಳಲ್ಲಿ ಸಂದು ಮೇಲಿಂದ ಕೆಳಗೆ ಕಿರಿದಾಗುತ್ತ ಹೋಗುತ್ತದೆ. ಜಿಂಕೆ ಯಾವ ಸಂದಿನಲ್ಲಿ ಹೊಂದಿತೋ ಆ ಸಂದಿನ ಪಿನ್ನಿನಿಂದಲೇ ಹೊಡೆಯಬೇಕು. ಅಳತೆಯೂ ಗುರಿಯೂ ಒಂದೇ ನೋಟದಲ್ಲಿ ಮುಗಿಯುವ ಈ ಯೋಚನೆ ನಿಜಕ್ಕೂ ಜಾಣತನದ್ದು.

ಎಡವುವುದು ಅಂಕಿಗಳಲ್ಲಿ. ಪೂರ್ತಿ ಸೆಳೆದಾಗ ಕಣ್ಣಿನಿಂದ ಸೈಟ್ ಸುಮಾರು 85 ಸೆಂ.ಮೀ. ದೂರವಿದೆ ಎನ್ನೋಣ. 20 ಗಜದಲ್ಲಿ ನಿಂತ ಜಿಂಕೆಯ ಎದೆ ಆ ಸೈಟ್‌ನ ಮೇಲೆ ಸುಮಾರು 18.6 ಮಿ.ಮೀ. ಎತ್ತರಕ್ಕೆ ಕಾಣುತ್ತದೆ. 40 ಗಜದಲ್ಲಿ 9.3 ಮಿ.ಮೀ., 45ರಲ್ಲಿ 8.3 ಮಿ.ಮೀ. ಐದು ಗಜದ ವ್ಯತ್ಯಾಸ ಸೈಟ್‌ನ ಮೇಲೆ ಒಂದೇ ಒಂದು ಮಿಲಿಮೀಟರ್. ಸಾಮಾನ್ಯವಾಗಿ ಬಳಸುವ 0.019 ಇಂಚಿನ ಫೈಬರ್ ಪಿನ್ನಿನ ದಪ್ಪವೇ ಅರ್ಧ ಮಿಲಿಮೀಟರ್. ಎದೆ ಬಡಿದುಕೊಳ್ಳುತ್ತಿರುವಾಗ, ನಡುಗುವ ಕೈಯಲ್ಲಿ, ಎರಡು ಪಿನ್ನಿನ ದಪ್ಪದಷ್ಟು ವ್ಯತ್ಯಾಸವನ್ನು ಓದಬೇಕು. ಇನ್ನು ಜಿಂಕೆಗಳೆಲ್ಲ ಒಂದೇ ಅಳತೆಯವಲ್ಲ. 35 ಸೆಂ.ಮೀ. ಎದೆಯ ಹೆಣ್ಣು ಜಿಂಕೆ 35 ಗಜದಲ್ಲಿ ನಿಂತರೆ ಈ ಸೈಟ್ ಅದನ್ನು 40 ಗಜವೆಂದು ಓದುತ್ತದೆ. ದಕ್ಷಿಣದ ಫ್ಲಾರಿಡಾದ ಜಿಂಕೆಗಿಂತ ಉತ್ತರದ ಮಿನ್ನೆಸೋಟದ ಜಿಂಕೆ ಎಷ್ಟೋ ದೊಡ್ಡದು ಎಂಬುದನ್ನೂ ಸೇರಿಸಿಕೊಂಡರೆ, ಈ ಸೈಟ್‌ಗಳು ಏಕೆ ನಿಲ್ಲಲಿಲ್ಲವೆಂದು ತಿಳಿಯುತ್ತದೆ. ಮೂವತ್ತು ಗಜದ ಈಚೆಗೆ ಅವು ಚೆನ್ನಾಗಿ ಕೆಲಸ ಮಾಡುತ್ತವೆ. ಆದರೆ ಅಲ್ಲಿ ಅವುಗಳ ಅಗತ್ಯವೇ ಇಲ್ಲ.

ಗಾಜಿನಿಂದ ಲೇಸರಿಗೆ

ಎರಡು ಕಿಂಡಿಗಳಿಂದ ಬಂದ ಚಿತ್ರಗಳನ್ನು ಒಂದರ ಮೇಲೊಂದು ಕೂಡಿಸಿ ದೂರ ಓದುವ ದೂರಮಾಪಕ ಮೂಲತಃ ಸೇನೆಯದು. ಆರ್ಚಿಬಾಲ್ಡ್ ಬಾರ್ ಮತ್ತು ವಿಲಿಯಂ ಸ್ಟ್ರೌಡ್ ಎಂಬ ಇಬ್ಬರು ಪ್ರಾಧ್ಯಾಪಕರು 1888ರಲ್ಲಿ ಬ್ರಿಟಿಷ್ ಸೇನೆಗಾಗಿ ಇದರ ಕೆಲಸಕ್ಕೆ ಕೈಹಾಕಿದರು. ಇದರ ಅಂಗೈಯಗಲದ ತಮ್ಮಂದಿರನ್ನು ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಅಮೆರಿಕದ ಬಿಲ್ಲುಗಾರರು ಸೊಂಟಕ್ಕೆ ಕಟ್ಟಿಕೊಂಡರು. ಕಿಂಡಿಗಳ ನಡುವಿನ ಅಂತರ ಚಿಕ್ಕದಾದಷ್ಟೂ ಓದು ಒರಟಾಗುವುದು ಈ ಯಂತ್ರದ ಹುಟ್ಟುಗುಣ. 15 ಸೆಂ.ಮೀ. ಅಂತರದ ಯಂತ್ರಕ್ಕೆ 40 ಮೀಟರ್ ಮತ್ತು 45 ಮೀಟರಿನ ನಡುವೆ ಸಿಗುವ ಕೋನದ ವ್ಯತ್ಯಾಸ ಒಂದು ಡಿಗ್ರಿಯ ನಲವತ್ತನೆಯ ಒಂದು ಭಾಗವೂ ಅಲ್ಲ.

ಥಿಯೋಡೋರ್ ಮೈಮನ್ 1960ರಲ್ಲಿ ಮೊದಲ ಲೇಸರ್ ಬೆಳಗಿಸಿದ ಮೇಲೆ ಸೇನೆಗಳು ಬೇಗನೆ ಅದನ್ನು ದೂರ ಅಳೆಯಲು ಹಚ್ಚಿದವು. ಬೇಟೆಗಾರರ ಜೇಬಿಗೆ ಅದು ಬಂದದ್ದು 1990ರ ದಶಕದ ನಡುಭಾಗದಲ್ಲಿ, ಬುಶ್ನೆಲ್ ಮುಂತಾದ ಕಂಪನಿಗಳು ಕೈಯಲ್ಲಿ ಹಿಡಿಯುವ ಮಾದರಿಗಳನ್ನು ಮಾರತೊಡಗಿದಾಗ. ಇದರ ತತ್ವ ಸರಳ. ಸುಮಾರು 905 ನ್ಯಾನೋಮೀಟರ್ ತರಂಗದ, ಕಣ್ಣಿಗೆ ಕಾಣದ ಅವಕೆಂಪು ಬೆಳಕಿನ ಮಿಡಿತ ಹೊರಡುತ್ತದೆ. ಪ್ರಾಣಿಯ ಮೈಗೆ ಬಡಿದು ಚೆದುರಿದ ಬೆಳಕಿನಲ್ಲಿ ಒಂದಿಷ್ಟು ಹಿಂದಿರುಗಿ ಗ್ರಾಹಕವನ್ನು ಮುಟ್ಟುತ್ತದೆ. 40 ಗಜ ಹೋಗಿಬರಲು ಬೆಳಕಿಗೆ ಬೇಕಾದ ಹೊತ್ತು 244 ನ್ಯಾನೋಸೆಕೆಂಡು. ಒಂದು ಗಜದ ನಿಖರತೆ ಬೇಕೆಂದರೆ ಗಡಿಯಾರ 6 ನ್ಯಾನೋಸೆಕೆಂಡಿನ ವ್ಯತ್ಯಾಸವನ್ನು ಹಿಡಿಯಬೇಕು. ಇದು ಅಗ್ಗದ ಎಲೆಕ್ಟ್ರಾನಿಕ್ಸಿಗೂ ಸಾಧ್ಯವಾದದ್ದರಿಂದ ಕಣ್ಣಂದಾಜಿನ ವಿದ್ಯೆ ಒಂದೇ ಪೀಳಿಗೆಯಲ್ಲಿ ಸೊರಗಿತು.

ಆದರೆ ಕೈಯ ಯಂತ್ರಕ್ಕೆ ಒಂದು ಮೂಲಭೂತ ಕೊರತೆಯಿದೆ: ಅದನ್ನು ಹಿಡಿಯಲು ಕೈ ಬೇಕು, ಬಿಲ್ಲಿಗೆ ಎರಡೂ ಕೈ ಬೇಕು. ಗಂಡು ಜಿಂಕೆ ಪೊದೆಯಿಂದ ಹೊರಬಂತು. ಬಿಲ್ಲುಗಾರ ಯಂತ್ರವನ್ನು ಕಣ್ಣಿಗೇರಿಸಿ ಗುಂಡಿ ಒತ್ತುತ್ತಾನೆ: 34 ಗಜ. ಯಂತ್ರವನ್ನು ಸದ್ದಿಲ್ಲದೆ ಇಳಿಸಬೇಕು, ರಿಲೀಸ್ ಕೊಕ್ಕೆಯನ್ನು ಹೆದೆಗೆ ಸಿಕ್ಕಿಸಬೇಕು, ಜಿಂಕೆ ತಲೆ ಮರದ ಹಿಂದೆ ಹೋಗುವವರೆಗೆ ಕಾದು ಹೆದೆ ಸೆಳೆಯಬೇಕು. ಸೆಳೆದು ಪೀಪಿನಲ್ಲಿ ನೋಡಿದಾಗ ಅದು ನಾಲ್ಕು ಹೆಜ್ಜೆ ಆಚೆ ಹೋಗಿದೆ, ಅಥವಾ ಈಚೆ ಬಂದಿದೆ. ಈಗ 34 ಎಂಬುದು ಹಳೆಯ ಸುದ್ದಿ. ಮತ್ತೆ ಅಳೆಯಬೇಕೆಂದರೆ ಹೆದೆ ಬಿಡಿಸಬೇಕು, ಅಂದರೆ ಇನ್ನೊಮ್ಮೆ ಅಲುಗಾಡಬೇಕು. ಬಿಳಿಬಾಲದ ಜಿಂಕೆ ಅಲುಗಾಟವನ್ನು ಕ್ಷಮಿಸುವ ಪ್ರಾಣಿಯಲ್ಲ.

ಸೈಟ್‌ನೊಳಗಿನ ಲೇಸರ್

ಈ ತೊಡಕಿಗೆ ಸಿಕ್ಕ ಮೊದಲ ಉತ್ತರ ಲೇಸರ್ ಯಂತ್ರವನ್ನು ಬಿಲ್ಲಿನ ಹಿಡಿಗೇ ಬಿಗಿಯುವುದು. 2010ರ ಸುಮಾರಿಗೆ ಲ್ಯೂಪೋಲ್ಡ್ ಕಂಪನಿ ಹೊರತಂದ ವೆಂಡೆಟ್ಟಾ ಈ ಜಾತಿಯದು. ಗುಂಡಿ ಬಿಲ್ಲು ಹಿಡಿದ ಬೆರಳಿನ ಕೆಳಗೆ ಇರುತ್ತದೆ. ಸೆಳೆದು ನಿಂತಾಗಲೇ ಒತ್ತಿದರೆ ಪುಟ್ಟ ಪರದೆಯಲ್ಲಿ ಗಜ ಕಾಣುತ್ತದೆ. ಪಿನ್ ಆರಿಸುವ ಕೆಲಸ ಮಾತ್ರ ಬಿಲ್ಲುಗಾರನದೇ. 37 ಎಂದು ಓದಿ, 30 ಮತ್ತು 40ರ ಪಿನ್ನುಗಳ ನಡುವೆ ಎಲ್ಲೋ ಒಂದು ಜಾಗವನ್ನು ಊಹಿಸಿ ಹೊಡೆಯಬೇಕು.

ಎರಡನೆಯ ಉತ್ತರ ಆ ಊಹೆಯನ್ನೂ ತೆಗೆದುಹಾಕಿತು. ಕಾನ್ಸಾಸ್ ರಾಜ್ಯದ ಓಲೇತಾದಲ್ಲಿ ಕೇಂದ್ರವಿರುವ, ಜಿಪಿಎಸ್ ಸಾಧನಗಳಿಂದ ಹೆಸರಾದ ಗಾರ್ಮಿನ್ ಕಂಪನಿ 2018ರಲ್ಲಿ ಝೀರೋ ಎ1 ಮತ್ತು ಎ1ಐ ಎಂಬ ಸೈಟ್‌ಗಳನ್ನು ಬಿಡುಗಡೆ ಮಾಡಿತು. ಕೆಲವೇ ವರ್ಷಗಳಲ್ಲಿ ಬರಿಸ್ ಕಂಪನಿಯ ಒರಾಕಲ್ ಕೂಡ ಬಂತು. ಇವುಗಳಲ್ಲಿ ಲೋಹದ ಪಿನ್ನುಗಳಿಲ್ಲ. ಕಣ್ಣೆದುರಿಗೆ ಒಂದು ಗಾಜು. ಗುಂಡಿ ಒತ್ತಿದಾಗ ಯಂತ್ರ ದೂರ ಅಳೆದು, ಆ ದೂರಕ್ಕೆ ಬಾಣ ಎಷ್ಟು ಇಳಿಯುತ್ತದೆಂದು ಲೆಕ್ಕ ಹಾಕಿ, ಗಾಜಿನ ಮೇಲೆ ಸರಿಯಾದ ಎತ್ತರದಲ್ಲಿ ಒಂದೇ ಒಂದು ಬೆಳಕಿನ ಪಿನ್ ಮೂಡಿಸುತ್ತದೆ. 37 ಗಜಕ್ಕೆ 37ರ ಪಿನ್. ಝೀರೋ ಪ್ರಾಣಿಯ ಮೇಲೆ ನೂರು ಗಜದವರೆಗೆ ಓದುತ್ತದೆಂದು ಕಂಪನಿ ಹೇಳುತ್ತದೆ. ಬಿಲ್ಲುಬೇಟೆಗೆ ಅಷ್ಟು ದೂರ ಏಕೆ ಬೇಕು ಎಂದು ಕೇಳಬಹುದು. ಕೇಳಬೇಕು ಕೂಡ.

ಇಂಥ ಸೈಟ್ ಮೊದಲ ದಿನವೇ ಎಲ್ಲವನ್ನೂ ತಿಳಿದುಕೊಂಡಿರುವುದಿಲ್ಲ. ಅದಕ್ಕೆ ಈ ಬಿಲ್ಲು, ಈ ಬಾಣದ ಇಳಿತವನ್ನು ಕಲಿಸಬೇಕು. ಹತ್ತಿರದ ದೂರದಿಂದ ಶುರುಮಾಡಿ ಬೇರೆ ಬೇರೆ ದೂರಗಳಲ್ಲಿ ಹೊಡೆದು, ಬಾಣ ಬಿದ್ದ ಜಾಗಕ್ಕೆ ಚುಕ್ಕೆಯನ್ನು ಸರಿಸಿ ಒಪ್ಪಿಗೆ ಕೊಡುತ್ತ ಹೋದರೆ, ಯಂತ್ರ ಆ ಬಿಂದುಗಳನ್ನು ಕೂಡಿಸಿ ಒಂದು ವಕ್ರರೇಖೆ ಮಾಡಿಕೊಳ್ಳುತ್ತದೆ. ನಡುವಿನ ದೂರಗಳನ್ನು ಆ ರೇಖೆಯಿಂದ ಓದುತ್ತದೆ. ಹಾಗಾಗಿ ಬಾಣದ ಮೊನೆಯ ತೂಕ ಬದಲಿಸಿದರೆ ಪಾಠ ಮತ್ತೆ ಮೊದಲಿನಿಂದ. ದೂರದ ಬಿಂದುಗಳಲ್ಲಿ ಅವಸರ ಮಾಡಿ ಎರಡೇ ಬಾಣ ಹೊಡೆದು ಮುಗಿಸಿದವರ ಸೈಟ್ ದೂರವನ್ನು ಸರಿಯಾಗಿ ಅಳೆದೂ ಪಿನ್ನನ್ನು ತಪ್ಪು ಜಾಗದಲ್ಲಿ ಇಡುತ್ತದೆ. ತೋರುವ ಅಂಕಿ ಸರಿಯಿರುವುದರಿಂದ ಈ ತಪ್ಪು ಬೇಗ ಗೊತ್ತೂ ಆಗುವುದಿಲ್ಲ.

ಲೇಸರಿನ ಕಿರಣಕ್ಕೆ ಕಣ್ಣಿಲ್ಲ ಎಂಬುದು ಇನ್ನೊಂದು ಮಿತಿ. ಕಿರಣ ದೂರ ಹೋದಂತೆ ಹರಡುತ್ತದೆ. ಹರಡುವಿಕೆ 3 ಮಿಲಿರೇಡಿಯನ್ ಇದ್ದರೆ 40 ಗಜದಲ್ಲಿ ಅದರ ಅಗಲ 11 ಸೆಂ.ಮೀ. ಈ ಅಗಲದಲ್ಲಿ ಜಿಂಕೆಯ ಮುಂದೆ ಒಂದು ಹುಲ್ಲಿನ ತೆನೆ ಬಂದರೂ ಯಂತ್ರ ಅದರ ದೂರವನ್ನು ಹೇಳಬಹುದು. ಜಿಂಕೆಯ ಬೆನ್ನಿನ ಮೇಲಿಂದ ತೂರಿ ಹೋದರೆ ಹಿಂದಿನ ಮರದ್ದನ್ನು ಹೇಳಬಹುದು. ಕೈಯ ಯಂತ್ರದಲ್ಲಿ ಹತ್ತಿರದ ಗುರಿಗೆ ಆದ್ಯತೆಯೋ ದೂರದ್ದಕ್ಕೋ ಎಂದು ಆರಿಸಿಕೊಂಡು, ಎರಡು ಮೂರು ಸಲ ಒತ್ತಿ, ಅಂಕಿಗಳನ್ನು ಹೋಲಿಸಿ ನೋಡಲು ಬಿಡುವಿರುತ್ತದೆ. ಸೈಟ್‌ನೊಳಗಿನ ಲೇಸರಿನಲ್ಲಿ ಆ ಬಿಡುವು ಕಡಿಮೆ. ಸೆಳೆದ ಬಿಲ್ಲು ಸ್ವಲ್ಪವಾದರೂ ಓಲಾಡುತ್ತಿರುತ್ತದೆ, ತೋಳು ಸೋಲುತ್ತಿರುತ್ತದೆ. ಇದೂ ಅಲ್ಲದೆ ಕಿರಣ ಹೋಗುವ ಜಾಗವೂ ಗುರಿಯ ಚುಕ್ಕೆಯೂ ಒಂದೇ ಕಡೆ ಇರುವಂತೆ ಸೈಟನ್ನು ಹೊಂದಿಸಿರಬೇಕು. ಮಂಜು, ಜಿಟಿಜಿಟಿ ಮಳೆ, ಗಾಜಿನ ಮೇಲೆ ಕೂತ ಹನಿ, ಚಳಿಗೆ ಸತ್ತ ಬ್ಯಾಟರಿ ಇವೆಲ್ಲವೂ ಆಟ ಕೆಡಿಸಬಲ್ಲವು. ಅದಕ್ಕೆಂದೇ ಅಳೆಯದೆಯೇ ಬೆಳಗುವ ನಿಗದಿತ ಪಿನ್ನುಗಳ ಸೌಲಭ್ಯ ಕೊಟ್ಟಿರುತ್ತಾರೆ. ಅನುಭವಿಗಳು ಇಪ್ಪತ್ತು ಮೂವತ್ತು ಗಜಕ್ಕೆ ಅದನ್ನೇ ಬಳಸುತ್ತಾರೆ.

ಇಳಿಜಾರು ಮತ್ತು ಅಟ್ಟಣೆ

ಬಾಣ ಎಷ್ಟು ಇಳಿಯುತ್ತದೆಂಬುದನ್ನು ನಿರ್ಧರಿಸುವುದು ಹೆಚ್ಚುಕಡಿಮೆ ನೆಲದ ಮಟ್ಟದ ದೂರ, ಓರೆಯಾಗಿ ನೋಡುವ ದೂರವಲ್ಲ. ರಾಕಿ ಪರ್ವತದ 30 ಡಿಗ್ರಿ ಇಳಿಜಾರಿನಲ್ಲಿ ಕೆಳಗೆ ನಿಂತ ಎಲ್ಕ್ ಎಂಬ ದೊಡ್ಡ ಜಿಂಕೆ ಲೇಸರಿಗೆ 40 ಗಜ ಕಂಡರೆ ಅದಕ್ಕೆ ಹೊಡೆಯಬೇಕಾದದ್ದು ಸುಮಾರು 35ರ ಪಿನ್ನಿನಿಂದ. 40ರಿಂದ ಹೊಡೆದರೆ ಬಾಣ 12 ಸೆಂ.ಮೀ. ಮೇಲೆ ಹೋಗುತ್ತದೆ. ಇಂದಿನ ಯಂತ್ರಗಳಲ್ಲಿರುವ ಕೋನಮಾಪಕ ಈ ಲೆಕ್ಕವನ್ನು ತಾನೇ ಮಾಡಿ ತಿದ್ದಿದ ದೂರವನ್ನು ಕೊಡುತ್ತದೆ. ಪರ್ವತ ಪ್ರದೇಶದ ಬೇಟೆಗಾರನಿಗೆ ಇದು ನಿಜವಾದ ಉಪಕಾರ.

ಮರದ ಮೇಲಿನ ಅಟ್ಟಣೆಯವನಿಗೆ ಹಾಗಲ್ಲ. 20 ಅಡಿ ಎತ್ತರದಲ್ಲಿ ಕೂತು ಬುಡದಿಂದ 20 ಗಜದ ಜಿಂಕೆಯನ್ನು ನೋಡಿದರೆ ಓರೆ ದೂರ 21 ಗಜವನ್ನು ಅಷ್ಟಿಷ್ಟು ಮೀರುತ್ತದೆ, ಅಷ್ಟೆ. ಜಾಹೀರಾತಿನಲ್ಲಿ ಕೋನದ ತಿದ್ದುಪಡಿಗೆ ಹಾಕುವ ದೊಡ್ಡಕ್ಷರಗಳನ್ನು ಅವನು ಲೆಕ್ಕಕ್ಕಿಡಬೇಕಿಲ್ಲ. ಅಟ್ಟಣೆಯಿಂದ ಹೊಡೆದ ಬಾಣ ಮೇಲೆ ಹೋಗುವುದು ಬಹಳ ಸಲ ಭಂಗಿಯಿಂದ. ಸೊಂಟದಲ್ಲಿ ಬಗ್ಗುವ ಬದಲು ತೋಳನ್ನು ಮಾತ್ರ ಇಳಿಸಿದರೆ ಕಣ್ಣು, ಪೀಪ್, ಪಿನ್ನುಗಳ ಸಾಲು ಕೆಡುತ್ತದೆ. ಇದನ್ನು ಯಾವ ಲೇಸರೂ ತಿದ್ದುವುದಿಲ್ಲ.

ಅಳತೆಗೆ ಸಿಗದ ಭಾಗ

ದೂರ ಪಕ್ಕಾ ಆಯಿತು, ಪಿನ್ ಸರಿಯಾಯಿತು, ಕೈ ನಡುಗಲಿಲ್ಲ. ಆದರೂ ಬಾಣ ಜಿಂಕೆಯ ಬೆನ್ನಿನ ಮೇಲೆ ಹಾದುಹೋಗಬಹುದು. ಹೆದೆಯ ಸದ್ದು ಸೆಕೆಂಡಿಗೆ 340 ಮೀಟರ್ ಹೋಗುತ್ತದೆ, ಬಾಣಕ್ಕಿಂತ ನಾಲ್ಕು ಪಟ್ಟು ಬೇಗ. ಬೆದರಿದ ಜಿಂಕೆ ನೆಗೆಯುವ ಮುನ್ನ ಕಾಲು ಮಡಚಿ ಮೈಯನ್ನು ಕೆಳಕ್ಕೆ ಬಿಡುತ್ತದೆ. ಸದ್ದು ಕೇಳಿ ಪ್ರತಿಕ್ರಿಯಿಸಲು ಅದಕ್ಕೆ ಸೆಕೆಂಡಿನ ಹತ್ತನೇ ಒಂದು ಭಾಗ ಹಿಡಿಯಿತೆಂದು, ಆಮೇಲೆ ಮೈ ಕಲ್ಲು ಬೀಳುವ ವೇಗದಲ್ಲಿ ಇಳಿಯಿತೆಂದು ಇಟ್ಟುಕೊಂಡರೆ, ಮೇಲೆ ಹೇಳಿದ 280 ಅಡಿ ವೇಗದ ಬಾಣ ಮುಟ್ಟುವಷ್ಟರಲ್ಲಿ 20 ಗಜದ ಜಿಂಕೆ 2 ಸೆಂ.ಮೀ. ಇಳಿದಿರುತ್ತದೆ. 30 ಗಜದ್ದು ಸುಮಾರು 10 ಸೆಂ.ಮೀ. 40 ಗಜದ್ದು ಸುಮಾರು 24 ಸೆಂ.ಮೀ. ಐದು ಗಜ ತಪ್ಪಳೆದಾಗ ಆಗುವ ಪ್ರಮಾದದ ಹೆಚ್ಚುಕಡಿಮೆ ಎರಡರಷ್ಟು ಇದು.

ರೇಂಜ್‌ಫೈಂಡರ್ ಕುರಿತ ವಾದದ ತಿರುಳು ಇಲ್ಲಿದೆ. ಯಂತ್ರ ಬಿಲ್ಲುಗಾರನ ಅಂದಾಜಿನ ತಪ್ಪನ್ನು ತೆಗೆಯುತ್ತದೆ. ಬಾಣದ ಪಯಣದ ಹೊತ್ತನ್ನು ಒಂದು ಚೂರೂ ಕಡಿಮೆ ಮಾಡುವುದಿಲ್ಲ. ಎಲ್ಲ ಜಿಂಕೆಯೂ ಬೆದರುವುದಿಲ್ಲ, ನಿಜ. ನೆಲದಲ್ಲಿ ಮುಖವಿಟ್ಟು ಮೇಯುವ ಜಿಂಕೆ ಒಂದು ರೀತಿ, ಕಿವಿ ನಿಮಿರಿಸಿ ನಿಂತ ಜಿಂಕೆ ಇನ್ನೊಂದು ರೀತಿ. ಎಲ್ಕ್ ಬಿಳಿಬಾಲದ ಜಿಂಕೆಯಷ್ಟು ಚುರುಕಲ್ಲ, ಗುರಿಯ ಜಾಗವೂ ದೊಡ್ಡದು. ಆದರೆ ಒಂದು ಹೆಜ್ಜೆ ಮುಂದಿಡಲು ಯಾವ ಪ್ರಾಣಿಗೂ ಅರ್ಧ ಸೆಕೆಂಡು ಸಾಕು. ಅರವತ್ತು ಗಜದಲ್ಲಿ ಬಾಣ ಗಾಳಿಯಲ್ಲಿರುವುದು 0.64 ಸೆಕೆಂಡು. ಸೈಟ್ 60 ಎಂದು ಹಸಿರು ಚುಕ್ಕೆ ಮೂಡಿಸಿದಾಗ ಅದು ದೂರವನ್ನು ಹೇಳುತ್ತಿದೆಯೇ ಹೊರತು ಹೊಡೆಯಬಹುದು ಎಂದು ಹೇಳುತ್ತಿಲ್ಲ. ಚುಕ್ಕೆ ಕಂಡ ಬೆರಳು ಇವೆರಡರ ನಡುವಿನ ವ್ಯತ್ಯಾಸವನ್ನು ಮರೆಯುವುದು ಸುಲಭ.

ಗೊತ್ತಿಲ್ಲದ ದೂರದ ಸ್ಪರ್ಧೆಗಳು

ಕಣ್ಣಂದಾಜು ಇಂದಿಗೂ ಮರ್ಯಾದೆ ಉಳಿಸಿಕೊಂಡಿರುವುದು ಸ್ಪರ್ಧೆಗಳಲ್ಲಿ. ಫೋಮ್‌ನಿಂದ ಮಾಡಿದ ಜಿಂಕೆ, ಕರಡಿಗಳನ್ನು ಕಾಡಿನೊಳಗೆ ನಿಲ್ಲಿಸಿ ಹೊಡೆಯುವ 3ಡಿ ಬಿಲ್ಲುಗಾರಿಕೆ ಅಮೆರಿಕದಲ್ಲಿ ಬೇಟೆಯ ಋತುವಿಗೆ ಮುನ್ನಿನ ತಾಲೀಮಾಗಿ ಬೆಳೆಯಿತು. ವರ್ಲ್ಡ್ ಆರ್ಚರಿ ಸಂಸ್ಥೆಯ ಫೀಲ್ಡ್ ಸ್ಪರ್ಧೆಗಳಲ್ಲಿಯೂ ದೂರ ಬರೆದಿರದ ಸುತ್ತುಗಳುಂಟು. ಅಲ್ಲಿ ದೂರ ಅಳೆಯುವ ಯಾವ ಸಾಧನಕ್ಕೂ ಅವಕಾಶವಿಲ್ಲ.

ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಇಂದು ಹವ್ಯಾಸಿ ಬೇಟೆಗೆ ಜಾಗವಿಲ್ಲದ್ದರಿಂದ ಈ ಸಾಧನಗಳಿಗೆ ಇಲ್ಲಿ ಬಳಕೆಯೂ ಇಲ್ಲ. ಕಾಂಪೌಂಡ್ ಬಿಲ್ಲು ಮಾತ್ರ ಚೆನ್ನಾಗಿ ಬೇರೂರಿದೆ. 2023ರಲ್ಲಿ ಹಾಂಗ್‌ಝೌನಲ್ಲಿ ನಡೆದ ಏಷ್ಯನ್ ಕ್ರೀಡಾಕೂಟದಲ್ಲಿ ಆ ವಿಭಾಗದ ಐದೂ ಚಿನ್ನ ಭಾರತಕ್ಕೆ ಬಂದವು. ಆ ಗುರಿಹಲಗೆ ಇರುವುದು ಯಾವತ್ತೂ 50 ಮೀಟರಿನಲ್ಲೇ.

ನಿಯಮಗಳು

ಬಿಲ್ಲಿಗೆ ಬೇರೆಯೇ ಋತು, ಅದೂ ಬಂದೂಕಿಗಿಂತ ಮೊದಲು ಮತ್ತು ದೀರ್ಘವಾಗಿ, ಕೊಟ್ಟದ್ದು ಬಿಲ್ಲು ಕಷ್ಟದ ಆಯುಧ ಎಂಬ ಕಾರಣಕ್ಕೆ. ಆ ಕಷ್ಟವನ್ನು ಎಲೆಕ್ಟ್ರಾನಿಕ್ಸ್ ತೆಗೆದುಹಾಕಿದರೆ ವಿಶೇಷ ಋತುವಿಗೆ ಏನು ಆಧಾರ ಎಂಬ ಪ್ರಶ್ನೆ ರಾಜ್ಯಗಳ ವನ್ಯಜೀವಿ ಇಲಾಖೆಗಳ ಮುಂದೆ ಬಂತು. ಐಡಾಹೊ, ಮೊಂಟಾನಾ, ಕೊಲರಾಡೊ ಮುಂತಾದ ಪಶ್ಚಿಮದ ರಾಜ್ಯಗಳು ಬಿಲ್ಲು ಋತುವಿನಲ್ಲಿ ಬಿಲ್ಲಿಗೆ ಬ್ಯಾಟರಿಯ ಸಾಧನ ಜೋಡಿಸುವುದನ್ನು ಬಹುಕಾಲದಿಂದ ನಿಷೇಧಿಸಿವೆ. ಬಾಣದ ಹಿಂತುದಿಯಲ್ಲಿ ಬೆಳಗುವ ನಾಕ್‌ನಂಥ ಸಣ್ಣಪುಟ್ಟವುಗಳಿಗೆ ಅಲ್ಲಲ್ಲಿ ರಿಯಾಯಿತಿ ಸಿಕ್ಕಿದೆ. ಪೂರ್ವದ ಮತ್ತು ದಕ್ಷಿಣದ ಅನೇಕ ರಾಜ್ಯಗಳಲ್ಲಿ ಅಂಥ ತಡೆಯಿಲ್ಲ. ಪ್ರಾಣಿಯ ಮೇಲೆ ಕಣ್ಣಿಗೆ ಕಾಣುವ ಬೆಳಕಿನ ಕಿರಣ ಬೀರುವ ಸಾಧನವನ್ನು ಹಲವು ರಾಜ್ಯಗಳು ಬೇರೆಯಾಗಿಯೇ ನಿಷೇಧಿಸಿವೆ. ರೇಂಜ್‌ಫೈಂಡರ್‌ನ ಕಾಣದ ಲೇಸರ್ ಆ ಮಾತಿಗೆ ಸೇರುವುದಿಲ್ಲವಾದರೂ, ಎರಡನ್ನೂ ಗೊಂದಲ ಮಾಡಿಕೊಂಡು ಜಗಳವಾಡುವವರು ಸಾಕಷ್ಟಿದ್ದಾರೆ.

ಸರ್ಕಾರಕ್ಕಿಂತ ಬಿಗಿಯಾಗಿರುವುದು ದಾಖಲೆ ಇಡುವ ಸಂಘ. ಗ್ಲೆನ್ ಸೇಂಟ್ ಚಾರ್ಲ್ಸ್ ಮುಂದಾಳತ್ವದಲ್ಲಿ 1961ರಲ್ಲಿ ಹುಟ್ಟಿದ, ಪೋಪ್ ಮತ್ತು ಯಂಗ್ ಹೆಸರನ್ನೇ ಹೊತ್ತ ಪೋಪ್ ಅಂಡ್ ಯಂಗ್ ಕ್ಲಬ್ ಬಿಲ್ಲಿನಿಂದ ಬೇಟೆಯಾಡಿದ ಪ್ರಾಣಿಗಳ ಕೊಂಬಿನ ಅಳತೆಗಳನ್ನು ದಾಖಲಿಸುತ್ತದೆ. ಬಿಲ್ಲಿಗೆ ಅಥವಾ ಬಾಣಕ್ಕೆ ಜೋಡಿಸಿದ, ಬೇಟೆಗೆ ನೆರವಾಗುವ ಎಲೆಕ್ಟ್ರಾನಿಕ್ ಸಾಧನ ಬಳಸಿದ ಬೇಟೆಯನ್ನು ಅದು ಸ್ವೀಕರಿಸುವುದಿಲ್ಲ. ಬೆಳಗುವ ನಾಕ್ ಮತ್ತು ಚಿತ್ರೀಕರಣದ ಕ್ಯಾಮೆರಾಗಳಿಗೆ ಮಾತ್ರ 2014ರಲ್ಲಿ ವಿನಾಯಿತಿ ಕೊಟ್ಟಿತು. ಕೊರಳಿಗೆ ತೂಗುಹಾಕಿದ ಕೈಯ ರೇಂಜ್‌ಫೈಂಡರ್‌ಗೆ ಅಡ್ಡಿಯಿಲ್ಲ. ಅದೇ ಲೇಸರ್ ಅರ್ಧ ಅಡಿ ಸರಿದು ಬಿಲ್ಲಿನ ಮೇಲೆ ಕೂತರೆ ಅಡ್ಡಿ. ತರ್ಕಕ್ಕೆ ಇದು ವಿಚಿತ್ರವಾಗಿ ಕಾಣಬಹುದು. ಆದರೆ ಮೊದಲನೆಯದರಲ್ಲಿ ಅಳೆಯುವುದಕ್ಕೂ ಹೊಡೆಯುವುದಕ್ಕೂ ನಡುವೆ ಪ್ರಾಣಿಗೆ ತಪ್ಪಿಸಿಕೊಳ್ಳಲು ಒಂದು ಸಂದು ಉಳಿಯುತ್ತದೆ, ಎರಡನೆಯದು ಆ ಸಂದನ್ನು ಮುಚ್ಚುತ್ತದೆ ಎಂಬುದು ಸಂಘದ ಪರ ವಾದಿಸುವವರ ಮಾತು. ಅಂಥ ಸಂದಿನಲ್ಲೇ ಹಳೆಯ ಅಂಕಿಯಿಂದ ಹೊಡೆದು ಪ್ರಾಣಿಗಳು ಗಾಯಗೊಳ್ಳುವುದು ಎಂದು ಸೈಟ್‌ನ ಪರದವರು ಉತ್ತರಿಸುತ್ತಾರೆ. ಎರಡೂ ಮಾತು ನಿಜ.

ಹೀಗಾಗಿ ಪೂರ್ವದ ರಾಜ್ಯದಲ್ಲಿ ಜಿಂಕೆ ಬೇಟೆಗೆ ಝೀರೋ ಬಳಸುವವನು ಸೆಪ್ಟೆಂಬರಿನಲ್ಲಿ ಕೊಲರಾಡೊಗೆ ಎಲ್ಕ್ ಹುಡುಕಿ ಹೊರಟರೆ ಮೊದಲು ಸೈಟ್ ಬಿಚ್ಚಿಡಬೇಕು, ಲೋಹದ ಪಿನ್ನುಗಳ ಸೈಟ್ ಬಿಗಿಯಬೇಕು, ಒಂದೊಂದು ಪಿನ್ನಿಗೂ ಮತ್ತೆ ಬಾಣ ಹೊಡೆದು ಹೊಂದಿಸಿಕೊಳ್ಳಬೇಕು. ಎರಡು ಬಿಲ್ಲು ಇಟ್ಟುಕೊಂಡವರೂ ಇದ್ದಾರೆ.